ಇಪ್ಪತ್ತೇಳನೆಯ ಪೋಟನಿಯಮ

ಉಡಚಪ್ಪನ ಪಾಲಿಗೆ ಬಂದದ್ದು ಸಂಘ ಹಂಚಿದ ಜಾಗಗಳಲ್ಲಿ ಕಟ್ಟಕಡೆಯದು. ಮಾಳಮಡ್ಡಿ ದಾಟಿ, ಊರು ಮುಗಿದ ಮೇಲೆ, ಹಳ್ಳದ ದಂಡೆಗೆ. ಮಳೆಗಾಲದಲ್ಲಿ ಗಟಾರದ ನೀರೆಲ್ಲ ಅಲ್ಲಿಗೇ ಇಳಿಯುತ್ತಿತ್ತು. ಉಡಚಪ್ಪ ಮತ್ತು ಅವನ ಹೆಂಡತಿ ಅಕ್ಕವ್ವ ಎರಡು ಬೇಸಿಗೆ ಕಲ್ಲುಮಣ್ಣು ಹೊತ್ತು ಆ ತಗ್ಗು ತುಂಬಿದರು. ಅಕ್ಕವ್ವನ ನೆತ್ತಿಯ ಕೂದಲು ಉದುರಿಹೋಯಿತು. ಆಮೇಲೆ ಮಣ್ಣಿನ ಗೋಡೆ ಎಬ್ಬಿಸಿ, ಹಳೆಯ ತಗಡು ಹೊದಿಸಿ ಮನೆ ಮಾಡಿಕೊಂಡರು. ಉಡಚಪ್ಪ ಬಾಗಿಲ ಮುಂದೆ ಕುಳಿತು ಚಪ್ಪಲಿ ಹೊಲಿಯುತ್ತಿದ್ದ. ಅವನ ಅಪ್ಪನಿಗಾಗಲಿ ಅಜ್ಜನಿಗಾಗಲಿ ತನ್ನದೆನ್ನುವ ಗೇಣು ನೆಲ ಇರಲಿಲ್ಲ.

ಜಾಗ ಸಿಕ್ಕದ್ದು ಹೀಗೆ. ಕಚೇರಿಯೊಂದರಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದ ತ್ರ್ಯಂಬಕರಾಯರು ಮನೆ ಕಟ್ಟುವ ಸಹಕಾರಿ ಸಂಘ ಮಾಡಲು ಹೊರಟಿದ್ದರು. ಪಟ್ಟಿಯಲ್ಲಿ ಬಡವರ ಹೆಸರೂ ಇದ್ದರೆ ಸರಕಾರದ ಜಮೀನು ಬೇಗ ಸಿಗುತ್ತದೆಂದು ಯಾರೋ ಹೇಳಿದರು. ರಾಯರು ತಾವೇ ಸಮಗಾರ ಓಣಿಗೆ ಬಂದರು.

"ಇನ್ನ ಮುಂದ ನಾವೂ ನೀವೂ ಒಂದ ಸಂಘದವರು ಉಡಚಪ್ಪಾ. ಇಲ್ಲೆ ಹೆಬ್ಬಟ್ಟು ಒತ್ತಪಾ" ಎಂದರು. ಐದು ಮನೆಯವರು ಒತ್ತಿದರು.

ಅರವತ್ತೊಂದನೆಯ ಇಸವಿಯಲ್ಲಿ ಒಂದು ನೋಟೀಸು ಬಂತು. ನಾಲ್ಕು ಮನೆ ಆಚೆಗಿದ್ದ ಮೌಲಾಲಿ ಅದನ್ನು ಓದಿದ. ಅವನು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್, ಸಂಘದ ಸದಸ್ಯ.

"ಹೊಸಾ ಕಾಯ್ದೆ ಬಂದೈತಂತ. ಪೋಟನಿಯಮ ತಿದ್ದಾಕ ಬರೂ ಐತವಾರ ಸಭೆ ಕರದಾರ."

"ಹಂಗಂದ್ರ ಏನಣ್ಣಾ?"

"ಸಂಘ ಹೆಂಗ ನಡೀಬೇಕು ಅನ್ನೂ ಕಟ್ಟಳಿ. ನನಗ ಆವತ್ತ ಪಾಳಿ ಐತಿ. ಏನ ಓದತಾರ, ಛಲೋತಂಗ ಕೇಳ್ಕೊಂಡ ಬಾ."

ಸಭೆ ಸಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಕುರ್ಚಿಗಳು ತುಂಬಿದ್ದವು. ಓಣಿಯ ಐವರೂ ಬಾಗಿಲ ಬಳಿ ನಿಂತರು. ರಾಯರು ಮೂವತ್ತೆರಡು ನಿಯಮಗಳನ್ನು ಇಂಗ್ಲಿಷಿನಲ್ಲಿ, ಉಸಿರು ಬಿಡದೆ ಓದಿದರು.

"ರಾಯರ, ನಮಗ ತಿಳಿಯೂಹಂಗ ಒಂದೀಟ ಹೇಳ್ರಿ" ಎಂದ ಉಡಚಪ್ಪ.

"ಎಲ್ಲಾ ನಿಮ್ಮ ಒಳ್ಳೇದಕ್ಕ ಅದಪಾ. ರಸ್ತಾ ಆಗ್ತದ, ದೀಪ ಬರ್ತದ, ನಳಾ ಬರ್ತದ. ಒಪ್ಪಿಗಿ ಇದ್ದವರು ಕೈ ಎತ್ತರಿ."

ಅಕ್ಕವ್ವ ದಿನಕ್ಕೆ ನಾಲ್ಕು ಸಲ ದೂರದ ಬಾವಿಯಿಂದ ನೀರು ಹೊರುತ್ತಿದ್ದಳು. ನಳದ ಮಾತು ಕಿವಿಗೆ ಬಿದ್ದದ್ದೇ ತಡ, ಉಡಚಪ್ಪ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಹೊರಡುವಾಗ ದೊಡ್ಡ ಪುಸ್ತಕವೊಂದರಲ್ಲಿ ಹೆಬ್ಬಟ್ಟು ಒತ್ತಿಸಿಕೊಂಡರು.

ನಾಲ್ಕು ತಿಂಗಳಿಗೆ ಓಣಿಯ ಐವರಿಗೂ ರಜಿಸ್ಟರ್ ಪತ್ರ ಬಂತು. ಮೌಲಾಲಿ ಒಮ್ಮೆ ಓದಿದ, ಮತ್ತೊಮ್ಮೆ ಓದಿದ.

"ಇಪ್ಪತ್ತೇಳನೇ ನಿಯಮ. ಗ್ವಾಡಿ ಕಲ್ಲಿಂದ ಇರಬೇಕಂತ. ಮನೀ ಮುಂದ ಚರ್ಮದ ಕೆಲಸ ಮಾಡಬಾರದಂತ. ಒಂದ ತಿಂಗಳದಾಗ ಸರಿ ಮಾಡಲಿಲ್ಲಂದ್ರ ಸದಸ್ಯತ್ವ ರದ್ದು. ಜಾಗಾ ಸಂಘಕ್ಕ ವಾಪಸ್."

"ಚಪ್ಪಲಿ ಹೊಲೀಬಾರದಂತ?" ಎಂದಳು ಅಕ್ಕವ್ವ. "ಅವ್ರೇನ ಬರಿಗಾಲಲೆ ಅಡ್ಡಾಡತಾರ?"

ಉಡಚಪ್ಪ ರಾಯರ ಮನೆಗೆ ಆರು ಸಲ ಹೋದ. ಐದು ಸಲ ಅವರು ಮನೆಯಲ್ಲಿ ಇರಲಿಲ್ಲ. ಆರನೆಯ ಸಲ ಕಟ್ಟೆಯ ಮೇಲಿಂದಲೇ ಮಾತಾಡಿದರು.

"ನನ್ನ ಕೈಯಾಗ ಏನದಪಾ? ನಿಯಮ ಅದ."

ಅಷ್ಟರಲ್ಲಿ ತಿಂಗಳು ಕಳೆದಿತ್ತು. ಮೌಲಾಲಿ ರಜೆ ಹಾಕಿ ಅವನನ್ನು ಸಹಕಾರಿ ಇಲಾಖೆಯ ಅಧಿಕಾರಿಯ ಬಳಿ ಕರೆದೊಯ್ದ. ಅಧಿಕಾರಿ ಸಭೆಯ ಪುಸ್ತಕ ತರಿಸಿದರು.

"ಇದು ಯಾರ ಹೆಬ್ಬಟ್ಟು?"

"ನಂದರಿ, ಸಾಹೇಬ್ರ."

"ನೀನ ಪಾಸ್ ಮಾಡಿ, ನೀನ ತಕರಾರು ತಂದೀಯಲ್ಲ?"

"ನಮಗ ತಿಳಿಸಿ ಹೇಳಲಿಲ್ರಿ."

"ನಿಯಮ ಬದಲಾಗಬೇಕಂದ್ರ ಸದಸ್ಯರು ಅರ್ಜಿ ಕೊಡಬೇಕು."

ಉಡಚಪ್ಪನ ಮುಖ ಅರಳಿತು. "ನಾವು ಐದೂ ಮಂದಿ ಕೊಡತೇವ್ರಿ."

ಅಧಿಕಾರಿ ಇನ್ನೊಂದು ಕಾಗದ ನೋಡಿದರು. "ನಿಮ್ಮ ಸದಸ್ಯತ್ವ ರದ್ದಾಗಿ ಎಂಟು ದಿನಾ ಆತು."

ಮೌಲಾಲಿ ಅರ್ಜಿ ಬರೆದು ಉಳಿದ ಸದಸ್ಯರ ಮನೆ ಮನೆಗೆ ತಿರುಗಿದ. ಕೆಲವರು ಬಾಗಿಲನ್ನೇ ತೆರೆಯಲಿಲ್ಲ. ಒಬ್ಬ ಮಾಸ್ತರರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು. "ಅನ್ಯಾಯ ಆಗೇದ, ಖರೇ ಮಾತು" ಎಂದರು. ಹಾಳೆ ಮಡಚಿ ಅವನ ಕೈಗೇ ಕೊಟ್ಟರು. ಅರ್ಜಿಯ ಮೇಲೆ ಇದ್ದದ್ದು ಮೌಲಾಲಿಯ ಸಹಿ ಒಂದೇ.

ದಸರೆಗೆ ಮುಂಚೆ ಒಂದು ಬೆಳಿಗ್ಗೆ ರಾಯರು ಕೂಲಿಗಳನ್ನು ಕರೆದುಕೊಂಡು ಬಂದರು. ಜೊತೆಗೆ ಇಬ್ಬರು ಪೊಲೀಸರಿದ್ದರು. ಉಳಿದ ನಾಲ್ಕು ಮನೆಯವರು ಹಿಂದಿನ ದಿನವೇ ಗಂಟು ಕಟ್ಟಿ ಓಣಿಗೆ ಮರಳಿದ್ದರು. ಉಡಚಪ್ಪ ತನ್ನ ಉಳಿ, ದಾರ, ಮರದ ಅಚ್ಚುಗಳನ್ನು ಹೊರಗೆ ತಂದಿಟ್ಟ. ಅಕ್ಕವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಹೊರಗ ಬಾರವಾ" ಎಂದ ಪೊಲೀಸ.

"ಹಿಟ್ಟ ಕಲಸೇನಿ. ರೊಟ್ಟಿ ಆಗಲಿ."

"ತಗಡ ತಗೀರಿ" ಎಂದರು ರಾಯರು.

ಕೂಲಿಗಳು ಮುಖ ಮುಖ ನೋಡಿಕೊಂಡು ಮೇಲೆ ಹತ್ತಿದರು. ಮೊದಲ ತಗಡು ಸರಿದಾಗ ಒಲೆಯ ಮೇಲೆ ಬಿಸಿಲು ಬಿತ್ತು. ಎರಡನೆಯದು ಸರಿದಾಗ ಹಿಟ್ಟಿನಲ್ಲಿ ಮಣ್ಣು ಉದುರಿತು. ಅಕ್ಕವ್ವ ಅದನ್ನು ಬೆರಳಿನಿಂದ ಆರಿಸಿ ಚೆಲ್ಲಿದಳು.

"ಆತು, ಏಳು. ಹೊರಗ ಬಾ" ಎಂದ ಉಡಚಪ್ಪ.

"ನೀನ ಒಳಗ ಬಾ. ಉಣ್ಣಾಕ ಕುಂದರು."

ಅವನು ಒಳಗೆ ಹೋಗಿ ಕುಳಿತ. ಅವಳು ಬಿಸಿ ರೊಟ್ಟಿ ಬಡಿಸಿದಳು. ಕೊನೆಯ ತಗಡೂ ಹೋಯಿತು. ಗೋಡೆಯ ಮೇಲಿದ್ದ ಕೂಲಿಯೊಬ್ಬ ಗುದ್ದಲಿ ಎತ್ತಿದವನು ಕೆಳಗೆ ನೋಡಿ ಹಾಗೇ ನಿಂತುಬಿಟ್ಟ.

ರಾಯರು ಕೈಗಡಿಯಾರ ನೋಡಿಕೊಂಡರು.

"ಲಗೂ ಮಾಡ್ರಿ. ಗೋಡಿ ಇನ್ನೂ ಹಂಗ ಅವ."