ಅದೂ ಒಂದು ಮಾತ್ರೆಯೇ?

"ಮತ್ತೆ ಅಲುಗಾಡ್ತಿದೆ," ಎಂದಳು ದಂತವೈದ್ಯೆ, ಔಷಧಿ ಅಂಗಡಿಯವನ ಬಾಯಿಂದ ಕನ್ನಡಿ ಕಡ್ಡಿ ತೆಗೆಯುತ್ತಾ. "ಒಂದೇ ಜಾಗದಲ್ಲಿ ಎರಡನೇ ಇಂಪ್ಲಾಂಟು. ಕಟ್ಟಿದ ಹಲ್ಲಿನ ತಿರುಪನ್ನ ದವಡೆ ಮೂಳೆ ಹಿಡೀತಾನೇ ಇಲ್ಲ. ಇದನ್ನೂ ತೆಗೀಬೇಕು."

ಅಂಗಡಿಯವನು ಮುಕ್ಕಳಿಸಿ ಉಗಿದ. ಮೂವತ್ತು ವರ್ಷ ಡಾಕ್ಟರುಗಳ ಕಾಗೆಕಾಲು ಗುಬ್ಬಿಕಾಲು ಓದಿದ್ದೇ ಓದಿದ್ದು, ಮಹಾಶಯನಿಗೆ ತಾನೇ ಧನ್ವಂತರಿ ಅನ್ನೋ ಭ್ರಮೆ. ಅದರಲ್ಲೂ ಹಲ್ಲು ಡಾಕ್ಟರೆಂದರೆ ಅವನಿಗೆ ಬಡಗಿಗಿಂತ ಕಡೆ. ಮೂಲೆಯಲ್ಲಿ ಕೂತಿದ್ದ ಹೆಂಡತಿಗೆ, ವೈದ್ಯೆಗೂ ಕೇಳುವಂತೆ ಹೇಳಿದ: "ಕುಣೀಲಾರದವಳು ನೆಲ ಡೊಂಕು ಅಂದಳಂತೆ."

ವೈದ್ಯೆ ಅವನ ಫಾರಂ ತೆಗೆದಳು. "ನಿತ್ಯ ತಗೊಳ್ಳೋ ಔಷಧಿ ಅನ್ನೋ ಕಡೆ ಎರಡು ಸಲವೂ 'ಇಲ್ಲ' ಅಂತ ಬರೆದಿದ್ದೀರಿ."

"ಮಾರೋನು ನಾನು. ನುಂಗೋರು ನಿಮ್ಮ ಮಾತು ಕೇಳೋ ಪೆದ್ದರು."

"ದಿನಾ ಬೆಳಿಗ್ಗೆ ನುಂಗ್ತೀರಲ್ಲ, ಹನ್ನೊಂದು ವರ್ಷದಿಂದ," ಎಂದಳು ಹೆಂಡತಿ.

"ಅದು ಆಸಿಡಿಟಿದು ಕಣೆ. ಅದೂ ಒಂದು ಮಾತ್ರೆಯೇ?"

"ಯಾರು ಬರೆದುಕೊಟ್ಟಿದ್ದು?" ವೈದ್ಯೆ ಕೇಳಿದಳು.

"ನನ್ನ ಅಂಗಡಿ, ನನ್ನ ಡಬ್ಬಿ. ಬರೆಯೋಕೆ ಇನ್ಯಾರು ಬೇಕು?"

"ಅದನ್ನ ಬಹಳ ವರ್ಷ ತಗೊಂಡವರಲ್ಲಿ ಇಂಪ್ಲಾಂಟು ನಿಲ್ಲದೆ ಹೋಗೋದು ಹೆಚ್ಚು ಅಂತ ಕೆಲವು ಅಧ್ಯಯನಗಳಿವೆ. ಮೂಳೆ ಕೂಡೋಕೆ ಅಡ್ಡಿ ಆಗಬಹುದು. ಖಂಡಿತ ಅಂತ ಹೇಳಲ್ಲ. ಗೊತ್ತಿದ್ದರೆ ಮೊದಲೇ ನಿಮ್ಮನ್ನ ಹೊಟ್ಟೆ ಡಾಕ್ಟರ ಹತ್ತಿರ ಕಳಿಸ್ತಿದ್ದೆ."

"ಬಹುದಂತೆ. ಇದನ್ನ ಹೇಳೋಕೆ ಐದು ವರ್ಷ ಓದಬೇಕಾ?" ಅವನು ಕುರ್ಚಿಯಿಂದ ಇಳಿದ.

ಅವನು ಅಂಗಿ ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಹೋಗಿ ಆ ಕುರ್ಚಿಯಲ್ಲಿ ಒರಗಿದ್ದಳು. "ನನಗೂ ಎಂಟು ವರ್ಷದಿಂದ ಅದೇ ಮಾತ್ರೆ ಇವರೇ ಕೊಡ್ತಿದ್ದಾರೆ. ಎದೆ ಉರಿ ಹೋಗಿ ಯಾವ ಕಾಲವಾಯ್ತೋ. ಹಲ್ಲುಜ್ಜಿದರೆ ರಕ್ತ ಬರುತ್ತೆ ಅಂದ್ರೆ, ಮೆತ್ತಗೆ ಉಜ್ಜು ಪೆದ್ದಿ ಅಂತಾರೆ. ಕೆಳಗಿನ ಹಲ್ಲು ಅಲ್ಲಾಡೋಕೆ ಶುರುವಾಗಿದೆ. ನೋಡಿ ಡಾಕ್ಟ್ರೇ."

ಎದೆ ಉರಿ ಹೋಗಿದ್ದಾಗಲಿ, ಹಲ್ಲು ಅಲ್ಲಾಡುತ್ತಿದ್ದುದಾಗಲಿ ಅವನಿಗೆ ಗೊತ್ತಿರಲಿಲ್ಲ. ಹೇಳಿದಾಗ ಕೇಳಿಸಿಕೊಂಡಿದ್ದರೆ ತಾನೆ.

"ಒಸಡಿಗೂ ಆ ಮಾತ್ರೆಗೂ ನಂಟಿದೆಯೋ ಇಲ್ವೋ, ನಾನು ಹೇಳಲಾರೆ," ಎನ್ನುತ್ತಾ ವೈದ್ಯೆ ಅಳತೆ ಕಡ್ಡಿ ತಗೊಂಡಳು. "ಒಸಡು ಹಲ್ಲಿನಿಂದ ಎಷ್ಟು ಆಳ ಬಿಟ್ಟಿದೆ ಅಂತ ನೋಡ್ತೀನಿ. ಮೂರು ಮಿಲಿಮೀಟರಿನೊಳಗಿದ್ದರೆ ಭಯ ಇಲ್ಲ."

ಕಡ್ಡಿ ಇಳಿಯಿತು. "ನಾಲ್ಕು. ಐದು. ಐದು."

"ನಡಿಯೇ, ಅಂಗಡಿ ತೆಗೀಬೇಕು," ಎಂದ ಅವನು. ದನಿ ಅರ್ಧಕ್ಕೇ ಇಳಿದಿತ್ತು.

ಬಾಯಿ ತೆರೆದೇ ಇದ್ದ ಹೆಂಡತಿ, ಅವನತ್ತ ನೋಡದೆ, ಸುಮ್ಮನಿರುವಂತೆ ಕೈ ಎತ್ತಿದಳು.

"ಆರು," ಎಂದಳು ವೈದ್ಯೆ.