ವಿಭೂತಿ ಹಚ್ಚಿದ ತೋಪುಗಾಡಿ

ಕಲಾಯಿ ರಾಜೇಸಾಬನಿಗೆ ಅಫಜಲಪುರದಲ್ಲಿ ಎರಡು ಹೆಸರಿದ್ದವು. ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಿಕೊಳ್ಳುವ ಹೆಂಗಸರಿಗೆ ಅವನು ಕಲಾಯಿಸಾಬ. ಗಂಡಸರಿಗೆ, ಅದೂ ಬೆನ್ನ ಹಿಂದೆ, ಜರನೈಲಸಾಬ, ಅಂದರೆ ದಂಡಿನ ದೊಡ್ಡ ಸಾಹೇಬ. ಗಡ್ಡ ನೆರೆತ ಮನುಷ್ಯ ಮಣ್ಣಿನ ಕುದುರೆ ಇಟ್ಟುಕೊಂಡು ಲಡಾಯಿ ಆಟ ಆಡಿದರೆ ಊರು ಸುಮ್ಮನೆ ಬಿಟ್ಟೀತೇ? ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ನಗಲಿ ಬಿಡಿ, ಅವನಿಗೆ ಅದರ ಖಬರೇ ಇರಲಿಲ್ಲ.

ಮೊದಲ ಮಹಾಯುದ್ಧದ ಕಾಲಕ್ಕೆ, ಹರೆಯದಲ್ಲಿ, ಅವನೂ ಗೆಳೆಯ ಚಂದ್ರಾಮಪ್ಪನೂ ಪಲ್ಟಣದ ಹಿಂದೆ ಬಸ್ರಾದವರೆಗೆ ಹೋಗಿ ಹೇಸರಗತ್ತೆ ಕಾದಿದ್ದರು. ಅಲ್ಲಿ ಸಾಹೇಬರು ಮರಳು ಹರವಿದ ಮೇಜಿನ ಮೇಲೆ ಪುಟ್ಟ ಪುಟ್ಟ ಸಿಪಾಯಿಗಳನ್ನು ಸರಿಸುತ್ತ ಲಡಾಯಿ ಆಡುವುದನ್ನು ಇಬ್ಬರೂ ಡೇರೆಯ ಸಂದಿಯಿಂದ ಕದ್ದು ನೋಡಿದ್ದರು. ಅಲ್ಲಿ ಲಗಾಮು ಹಿಡಿದವರು ಊರಿಗೆ ಬಂದ ಮೇಲೆ ದಂಡಿನ ಸರದಾರರಾದರು. ಆಡುವುದಕ್ಕೆ ದಂಡು ಬೇಕಲ್ಲ? ಮಣ್ಣೆತ್ತಿನ ಅಮಾವಾಸ್ಯೆ ಮುಗಿದು ಜನ ಮಾಳಿಗೆಯ ಮೇಲೆ ಬಿಟ್ಟ ಮಣ್ಣಿನ ಎತ್ತುಗಳನ್ನು ಚಂದ್ರಾಮಪ್ಪ ಬೇಡಿ ತರುವನು. ರಾಜೇಸಾಬ ಅವುಗಳ ಕೋಡು ಮುರಿದು, ಭುಜದ ಮೇಲಿನ ಡುಬ್ಬ ಕೆತ್ತಿ, ಅರಗಿನಿಂದ ಕುತ್ತಿಗೆ ಉದ್ದ ಮಾಡಿ ಕುದುರೆ ಮಾಡುವನು. ಮೇಲೆ ಕೂರುವ ಸವಾರರನ್ನು ತವರ ಕರಗಿಸಿ ಎರೆಯುವನು. ಬಣ್ಣಕ್ಕೆ ಮಾತ್ರ ಅಳಿಲಿನ ಬಾಲದ ಕುಂಚ. ಉಸಿರು ಬಿಗಿಹಿಡಿದು ಹಚ್ಚುವನು, ಆಗ ಹೆಂಡತಿ ವಜೀರುನ್ನಿಸಾ ಕೆಮ್ಮಿದರೂ ಬೈಗುಳ ತಪ್ಪದು.

ರಾಜೇಸಾಬನ ದಂಡಿಗೆ ಹಸಿರು ಮುಂಡಾಸು. ಚಂದ್ರಾಮಪ್ಪನದು ಬೇರೆಯೇ ಹಟ.

"ನನ್ನ ಸಿಪಾಯಿಗೋಳು ಬೋಳ ಹಣಿಲೆ ಲಡಾಯಿಗೆ ಹೋಗಂಗಿಲ್ಲ ನೋಡು. ಮೂರು ಬಟ್ಟ ವಿಭೂತಿ ಹಚ್ಚು."

"ಲೇ, ಹಣಿ ಜೋಳದ ಕಾಳಿನಷ್ಟ ಅದ. ಮೂರು ಬಟ್ಟ ಎಲ್ಲಿಂದ ಹಚ್ಚಲೋ?"

"ಅದು ನಿನ್ನ ಹಣೇಬರಹ. ಸಫೇತಾದ ಬಿಳಿ ಬಣ್ಣ ನಡಿಯಂಗಿಲ್ಲ. ಖರೇ ವಿಭೂತೀನೇ ಬೇಕು."

ವಿಭೂತಿಯ ಗಟ್ಟಿಯನ್ನೇ ತಂದುಕೊಟ್ಟ. ರಾಜೇಸಾಬ ಬಯ್ಯುತ್ತಲೇ ಅದನ್ನು ಅಂಟಿನಲ್ಲಿ ಅರೆದು ಒಂದೊಂದು ಹಣೆಗೂ ಹಚ್ಚಿದ. ಇಷ್ಟಾದರೂ ಚಂದ್ರಾಮಪ್ಪ ಗೆದ್ದದ್ದು ಕಡಿಮೆ. ಆಟದ ಹಲಗೆಯ ಮೇಲೆ ಎಸೆದ ಕವಡೆ ಬೀಳುವುದರೊಳಗೆ, ಅಲ್ಲಿ ಬರೆದ ಹಳ್ಳ ದಾಟಿಸಿ ಕುದುರೆ ಓಡಿಸುವ ಗಡಿಬಿಡಿಯ ಆಸಾಮಿ ಅವನು. ಸೋತಾಗಲೆಲ್ಲ, "ನನ್ನ ಕಡಿ ಒಂದು ತೋಪುಗಾಡಿ ಇದ್ದಿದ್ರ ತೋರಸ್ತಿದ್ದೆ" ಎಂದು ಗೊಣಗುವನು.

ನಲವತ್ತೆಂಟರ ಬೇಸಿಗೆಯಲ್ಲಿ ರಜಾಕಾರರು ಚಂದ್ರಾಮಪ್ಪನ ಮನೆಗೆ ಬೆಂಕಿ ಇಟ್ಟರು. ಹೊಳೆಯಾಚೆಯ ಹಿಂದುಸ್ತಾನದ ಸೀಮೆಗೆ ಓಡುವ ಮೊದಲು ಅವನು ರಾಜೇಸಾಬನ ಬಾಗಿಲಿಗೆ ಬಂದ. ಒಳಗೆ ಹಲಗೆಯ ಮೇಲೆ ಅರ್ಧ ಆಡಿದ ಆಟವಿತ್ತು.

"ಅದನ್ನ ಮುಟ್ಟಬ್ಯಾಡ. ಪಾಳಿ ನಂದದ" ಎಂದಷ್ಟೇ ಹೇಳಿ ಹೋದ. ಗೆಳೆಯನ ಮುಖ ನೋಡಲಿಲ್ಲ.

ಆ ನೋಡದೆ ಹೋದದ್ದು ರಾಜೇಸಾಬನ ಎದೆಯಲ್ಲಿ ಮುಳ್ಳಾಗಿ ಕೂತಿತು. ಬೆಂಕಿ ಇಟ್ಟವರು ತನ್ನ ಜಾತಿಯವರು. ಚಂದ್ರಾಮ ತನ್ನನ್ನೂ ಅವರ ಲೆಕ್ಕಕ್ಕೇ ಸೇರಿಸಿಬಿಟ್ಟನೇ? ನಾಚಿಕೆ, ಸಿಟ್ಟು, ಸಂಕಟ, ಮೂರೂ ಕೂಡಿ ಅವನಿಗೆ ರೊಟ್ಟಿ ಇಳಿಯದಾಯಿತು. ಕೈಗೊಂದು ಕೆಲಸ ಬೇಕಾಯಿತು. ಸೊಲ್ಲಾಪುರದ ಬಾಜಾರಿನಿಂದ ಯಾರೋ ಮಕ್ಕಳಿಗೆ ತಂದು, ಕೀಲಿ ಮುರಿಯಿತೆಂದು ಎಸೆದಿದ್ದ ತಗಡಿನ ಮೋಟಾರು ಸಿಕ್ಕಿತು. ಅದರ ಮಾಳಿಗೆ ಕಿತ್ತು, ಚಿಮಣಿ ಎಣ್ಣೆಯ ಡಬ್ಬಿಯ ತಗಡನ್ನು ಸುತ್ತಲೂ ಬೆಸೆದು, ನೀಲಿ ಬಳಿದ. ತೋಪಿನ ನಳಿಗೆಗೆ ವಜೀರುನ್ನಿಸಾಳ ಸುರ್ಮಾ ಕಡ್ಡಿಯೇ ಹೋಯಿತು.

"ನಾ ಕಣ್ಣಿಗೆ ಏನ್ ಹಚ್ಚಲಿ?" ಎಂದು ಅವಳು ಕೂಗಾಡಿದಳು.

"ಲಡಾಯಿ ಮುಗೀಲಿ, ಬೆಳ್ಳಿದು ಕೊಡಸ್ತೇನಿ ಬೇ" ಎಂದ. ಕೊನೆಗೆ, ಉಳಿದಿದ್ದ ವಿಭೂತಿಯ ಚೂರನ್ನು ಅರೆದು ಗಾಡಿಯ ಮೂತಿಗೆ ಮೂರು ಬಟ್ಟ ಎಳೆದ. ಅದನ್ನು ಗೆಳೆಯನ ದಂಡಿನ ಹಿಂದೆ ನಿಲ್ಲಿಸಿ, ಹಲಗೆಯ ಮೇಲೆ ಹಳೆಯ ಸೀರೆ ಹೊದಿಸಿದ.

ಮಳೆಗಾಲ ಮುಗಿಯುವಾಗ ಹಿಂದುಸ್ತಾನದ ಫೌಜು ಬಂತು. ರಜಾಕಾರರು ದಿಕ್ಕಾಪಾಲಾದರು. ಆಮೇಲೆ ಸಿಟ್ಟು ಸಿಕ್ಕಸಿಕ್ಕ ಮುಸಲ್ಮಾನರ ಮನೆಗಳತ್ತ ತಿರುಗಿತು. ಒಂದು ಮಧ್ಯಾಹ್ನ ಅದೇ ಊರಿನ ಧರ್ಮಣ್ಣ ಜನ ಕಟ್ಟಿಕೊಂಡು ರಾಜೇಸಾಬನ ಮನೆಗೆ ನುಗ್ಗಿದ. ಧರ್ಮಣ್ಣನ ಬೆನ್ನಿಗೆ ಹುಟ್ಟಿದ ತಮ್ಮನನ್ನು ರಜಾಕಾರರು ಕೊಂದಿದ್ದರು. ಅತ್ತು ಅತ್ತು ಅವನ ಕಣ್ಣು ಕೆಂಡವಾಗಿದ್ದವು. ಕತ್ತಿ ಬಂದೂಕಿನಂಥ ಹತಾರ ಹುಡುಕುತ್ತ ಅವನು ಹಲಗೆಯ ಮೇಲಿನ ಸೀರೆ ಎಳೆದ.

ಹಸಿರು ಮುಂಡಾಸಿನವರು ಎದೆಯುಬ್ಬಿಸಿ ನಿಂತಿದ್ದರು. ವಿಭೂತಿಯವರು ಅರ್ಧಕ್ಕರ್ಧ ಮಕಾಡೆ ಬಿದ್ದಿದ್ದರು.

"ನೋಡ್ರಿ ಇಲ್ಲಿ! ನಮ್ಮವರನ್ನ ಹಿಂಗ ಕೆಡವಬೇಕಂತ ನಕಾಶಿ ಹಾಕ್ಯಾನ!"

"ಆಟ ಅದರಿ ಧರ್ಮಣ್ಣಾ, ನಿಮಗೂ ಗೊತ್ತದಲ್ಲ..." ರಾಜೇಸಾಬ ಅಂಗಲಾಚಿದ. ಇಷ್ಟು ವರ್ಷ ಇದನ್ನೇ ನೋಡಿ ಹಲ್ಲು ಕಿಸಿದವರು ಅವರು! ಒಬ್ಬನಾದರೂ ಹೌದೆನ್ನಬಾರದಿತ್ತೇ? ವಜೀರುನ್ನಿಸಾ ಗಂಡನ ಮುಂದೆ ಬಂದು ನಿಂತಳು.

ಆಗ ಬಾಗಿಲಲ್ಲಿ ಚಂದ್ರಾಮಪ್ಪ ಕಾಣಿಸಿಕೊಂಡ. ಹೊಳೆ ದಾಟಿ ನೇರ ಬಂದಿದ್ದ. ಬಟ್ಟೆ ಇನ್ನೂ ಹಸಿ, ಮೈಯೆಲ್ಲ ಎಲುಬು.

"ಛಲೋ ಆತು ಬಂದಿ. ಮನಿ ಸುಟ್ಟಿದ್ದು ನಿಂದು. ಇವನಿಗೆ ಏನ್ ಮಾಡೂಣು, ನೀನೇ ಹೇಳು" ಎಂದ ಧರ್ಮಣ್ಣ.

ರಾಜೇಸಾಬನಿಗೆ ತಲೆ ಎತ್ತುವ ಧೈರ್ಯವಾಗಲಿಲ್ಲ. ಜೀವ ಹೋದರೆ ಹೋಗಲಿ, ಕೊಲ್ಲೆನ್ನುವ ಮಾತು ಚಂದ್ರಾಮನ ಬಾಯಿಂದ ಮಾತ್ರ ಬರದಿರಲಿ ಅಲ್ಲಾ, ಎಂದು ಬೇಡಿಕೊಂಡ.

ಚಂದ್ರಾಮಪ್ಪ ಹಲಗೆಯ ಮೇಲೆ ಬಗ್ಗಿದ. ಒಂದು ಕುದುರೆಯೂ ಕದಲಿರಲಿಲ್ಲ.

"ಇವರನ್ನ ಅವ ಕೆಡವಿಲ್ಲೋ ಧರ್ಮಣ್ಣ. ಹಿಂದಮುಂದ ನೋಡದ ಹಳ್ಳ ದಾಟಿಸಿ ನಾನೇ ಕೊಲ್ಲಿಸೀನಿ."

ಆಮೇಲೆ ಹಿಂದೆ ನಿಂತ ತೋಪುಗಾಡಿ ಕಣ್ಣಿಗೆ ಬಿತ್ತು. ಎತ್ತಿಕೊಂಡ. ಮೂತಿಯ ಮೇಲೆ ಹೆಬ್ಬೆರಳು ಆಡಿಸಿ, ಬೆರಳಿಗೆ ಹತ್ತಿದ ಬಿಳಿಯನ್ನು ಮೂಸಿ ನೋಡಿದ.

"ಸಫೇತಾ ಅಲ್ಲ ಇದು" ಎಂದ.

"ನೀ ಕೊಟ್ಟಿದ್ದೇ. ಅಷ್ಟೇ ಉಳದಿತ್ತು."

ಚಂದ್ರಾಮಪ್ಪ ಬೆರಳಿನ ವಿಭೂತಿಯನ್ನು ತನ್ನ ಹಣೆಗೆ ಒರೆಸಿಕೊಂಡು, ಹಲಗೆಯ ಮುಂದೆ ಚಕ್ಕಂಬಕ್ಕಳ ಹಾಕಿ ಕೂತ.

"ಪಾಳಿ ನಂದಲ್ಲೇನು?"

"ಹೌದು, ನಿಂದೇ."

"ಧರ್ಮಣ್ಣ, ನನ್ನ ಮನಿಯಂತೂ ಬೂದಿ ಆಗ್ಯದ. ಈ ಆಟ ಮುಗಿಯೋತನ ನಾ ಇಲ್ಲೇ ಇರಾಂವ. ಇವನಿಗೆ ಏನರ ಮಾಡೋದಿದ್ರ ಆಮ್ಯಾಲ ಬರ್ರಿ."

ಧರ್ಮಣ್ಣ ಹಲ್ಲು ಕಡಿಯುತ್ತ ನಿಂತ. ಕಡೆಗೆ ಜನರನ್ನು ಕರೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ, ಆಟ ಮುಗಿಯಲೆಂದು.

ಚಂದ್ರಾಮಪ್ಪ ತೋಪುಗಾಡಿ ಎತ್ತಿದ, ಇಟ್ಟ. ಮತ್ತೆ ಎತ್ತಿದ, ಮತ್ತೆ ಅಲ್ಲೇ ಇಟ್ಟ. ವಜೀರುನ್ನಿಸಾ ಚಹಾ ತಂದಳು, ಕುಡಿದ. ಬಿಸಿಲು ಹಲಗೆಯಿಂದ ಗೋಡೆಗೆ ಏರಿತು. ಜನ್ಮದಲ್ಲಿ ಕಣ್ಣು ಮಿಟುಕಿಸುವಷ್ಟೂ ಯೋಚಿಸದ ಗಡಿಬಿಡಿಯ ಮನುಷ್ಯ ಗಲ್ಲಕ್ಕೆ ಕೈ ಕೊಟ್ಟು ಕೂತೇ ಇದ್ದ. ಈ ಪಾಳಿ ಮುಗಿಯುವುದಿಲ್ಲವೆಂದು ರಾಜೇಸಾಬನಿಗೆ ಆಗ ತಿಳಿಯಿತು. ಗಡ್ಡ ತೊಯ್ದಿತು.

"ಲೇ ಚಂದ್ರಾಮ, ಆಡಾಂವ ಇದ್ದೀಯೋ ಇಲ್ಲೋ?"

"ತಡಿಯೋ ಮಾರಾಯಾ, ವಿಚಾರ ಮಾಡಾಕತ್ತೇನಿ."

ಮರುದಿನ ಹೊತ್ತೇರುವ ಹೊತ್ತಿಗೆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಚಂದ್ರಾಮಪ್ಪ ಇನ್ನೂ ವಿಚಾರ ಮಾಡುತ್ತಲೇ ಇದ್ದ.