ಸಸ್ಯಾಹಾರಿಗಳಿಗೆ ಮಾತ್ರ

ಹೇಳಿಬಿಡಲೇ? ಹೇಳಿದರೆ ಮನೆ ಹೋಗುತ್ತದೆ. ಈ ಸ್ಥಿತಿಯಲ್ಲಿ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಹೇಳದಿದ್ದರೆ? ಆ ಒಂದು ತುತ್ತನ್ನೇ ನೆನೆಯುತ್ತ ಹೋಗಿಬಿಡುತ್ತಾಳೆ.

ದಾಮೋದರ ಮೆಟ್ಟಿಲ ಬುಡದಲ್ಲಿ ನಿಂತು ತನ್ನಷ್ಟಕ್ಕೆ ಗೊಣಗುತ್ತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಸುತ್ತಿದ ಪೊಟ್ಟಣ. ಮೆಟ್ಟಿಲ ಕೆಳಗೆ ಗೋಡೆಗೊರಗಿದ್ದ ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಅದಲ್ಲದೆ ಇನ್ನೇನು ಮಾಡಬಲ್ಲೆ? ನಾನು ಒಂದು ತಗಡಿನ ಬೋರ್ಡು.

ಎಣ್ಣೆ ಡಬ್ಬವನ್ನು ಸೀಳಿ, ತಟ್ಟಿ, ಚಪ್ಪಟೆ ಮಾಡಿ ನನ್ನನ್ನು ಹುಟ್ಟಿಸಿದರು. ಬೆಂಗಳೂರಿನ ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಪೇಂಟರ್ ಜಯಶೀಲ ನನ್ನ ಮೇಲೆ ‘ಮನೆ ಬಾಡಿಗೆಗೆ ಇದೆ’ ಎಂದು ಬರೆದ. ಬರೆದು ತಲೆ ಕೆರೆದುಕೊಂಡ. “ಕೆಳಗಡೆ ಜಾಗ ಉಳ್ಕೊಂಡ್ಬಿಡ್ತು ಸಾರ್. ಇನ್ನೇನಾದ್ರೂ ಬರೀಲಾ?”

ಮನೆಯ ಮಾಲೀಕ ಚಂದ್ರಶೇಖರಯ್ಯನವರು ಕನ್ನಡಕ ಒರೆಸಿಕೊಳ್ಳುತ್ತ ಯೋಚಿಸಿದರು. “ಸಸ್ಯಾಹಾರಿಗಳಿಗೆ ಮಾತ್ರ ಅಂತ ಹಾಕಪ್ಪ. ಎಲ್ರೂ ಹಾಕ್ತಾರೆ.”

ಹೀಗೆ, ಉಳಿದ ಜಾಗ ತುಂಬಲು, ಆ ಮಾತು ನನ್ನ ಎದೆಯ ಮೇಲೆ ಬಂದು ಕೂತಿತು.

ಗೇಟಿಗೆ ನೇತುಬಿದ್ದು ನಾನು ಈ ಊರನ್ನು ಕಲಿತೆ. ಕಲಿಸಿದವನು ಬ್ರೋಕರ್ ಮುನಿಕೃಷ್ಣ. ಮನೆ ನೋಡಲು ಬಂದವರಿಗೆಲ್ಲ ಅವನು ನನ್ನ ಮುಂದೆಯೇ ಪಾಠ ಹೇಳುತ್ತಿದ್ದ. ಅಂಕೋಲದಿಂದ ದಾಮೋದರನೂ ಅವನ ಹೆಂಡತಿ ಸುಗಂಧಿಯೂ ಬಂದ ದಿನವೂ ಹೇಳಿದ.

“ನೋಡಣ್ಣ, ತಿಂಡಿಗೆ ಸರ್ಕಲ್ ಹತ್ರ ದರ್ಶಿನಿಗೆ ಹೋಗಿ. ನಿಂತ್ಕೊಂಡು ತಿನ್ನಿ, ಕಾಫಿ ಬೈಟು ಹೇಳಿ, ಇಬ್ರಿಗೂ ಆಗುತ್ತೆ. ಲಾಲ್‌ಬಾಗ್‌ಗೆ ಫ್ಲವರ್ ಶೋ ಟೈಮಲ್ಲಿ ಹೋಗ್ಬೇಡಿ, ಜನದ ಬೆನ್ನು ಬಿಟ್ರೆ ಇನ್ನೇನೂ ಕಾಣಲ್ಲ. ಕಾವೇರಿ ನೀರು ದಿನಾ ಬರಲ್ಲ, ಮೊದ್ಲು ಒಂದು ಡ್ರಮ್ ತಗೊಳ್ಳಿ. ಆಟೋದಲ್ಲಿ ಕೂತ್ರೆ ಹುಟ್ಟಿದ್ದೇ ಇಲ್ಲಿ ಅನ್ನೋ ಹಂಗೆ ಕೂತ್ಕೊಳ್ಳಿ.” ನಂತರ ಅವನು ದನಿ ತಗ್ಗಿಸಿದ. “ಮೇಲ್ಗಡೆ ಇರೋ ಓನರ್ ಕೇಳಿದ್ರೆ ಪ್ಯೂರ್ ವೆಜ್ ಅನ್ನಿ. ಮನೇಲಿ ಮಾಡ್ಬೇಡಿ ಅಷ್ಟೆ. ಭಾನುವಾರ ಮಿಲ್ಟ್ರಿ ಹೋಟ್ಲಿಗೆ ಹೋಗಿ ಬಾಡೂಟ ಹೊಡ್ಕೊಂಡು ಬನ್ನಿ. ಬರ್ತಾ ಸೋಂಪು ಅಗೀರಿ, ವಾಸ್ನೆ ಬರಲ್ಲ.”

“ಮೀನು ಬಿಟ್ಟು ಇರೂಕೆ ಆಗ್ತದೇನೇ?” ದಾಮೋದರ ಹೆಂಡತಿಯನ್ನು ಕೇಳಿದ.

“ಸಮುದ್ರವನ್ನೇ ಬಿಟ್ಟು ಬಂದಾಯ್ತಲ್ರಾ,” ಎಂದು ಸುಗಂಧಿ ನಕ್ಕಳು.

ಜಾತಿ ತಿಳಿಸಿಬಿಡುವ ಅಡ್ಡಹೆಸರು ಹೇಳದೆ, ಬರೀ ದಾಮೋದರ ಎಂದು ಹೇಳಿ ಅವನು ಮನೆ ಹಿಡಿದ. ನನ್ನನ್ನು ಬಿಚ್ಚಿ ಮೆಟ್ಟಿಲ ಕೆಳಗೆ, ಅವರ ಅಡುಗೆಮನೆಯ ಕಿಟಕಿಯ ಪಕ್ಕ ಇಟ್ಟರು. ವರ್ಷಗಳು ಹೋದವು. ಆ ಕಿಟಕಿಯಿಂದ ಬೇಳೆ, ಸೊಪ್ಪು, ಒಗ್ಗರಣೆಯ ವಾಸನೆ ಬರುತ್ತಿತ್ತು. ಭಾನುವಾರ ಮಧ್ಯಾಹ್ನ ಇಬ್ಬರೂ ಸೋಂಪು ಅಗಿಯುತ್ತ, ಮಾತಿಲ್ಲದೆ, ಕಳ್ಳರಂತೆ ಗೇಟು ತೆರೆದು ಬರುತ್ತಿದ್ದರು.

ಆಮೇಲೆ ಸುಗಂಧಿ ಹಾಸಿಗೆ ಹಿಡಿದಳು. ಹೊಟ್ಟೆಯೊಳಗಿನ ಗಡ್ಡೆ. ಮಾಲೀಕರ ಹೆಂಡತಿ ಸರ್ವಮಂಗಳಮ್ಮ ದಿನವೂ ಗಂಜಿ ಮಾಡಿ ತಂದು, ಪಕ್ಕದಲ್ಲಿ ಕೂತು ಕುಡಿಸುತ್ತಿದ್ದರು. ಅಷ್ಟು ಒಳ್ಳೆಯವರು. ಅವರು ಒಳ್ಳೆಯವರಾದಷ್ಟೂ ದಾಮೋದರನ ಬಾಯಿ ಹೆಚ್ಚು ಹೆಚ್ಚು ಕಟ್ಟುತ್ತ ಹೋಯಿತು.

ಇನ್ನು ಔಷಧವಿಲ್ಲ, ಬಾಯಿಗೆ ರುಚಿಸಿದ್ದು ಕೊಡಿ ಎಂದು ಡಾಕ್ಟರು ಹೇಳಿದ ದಿನ ಸುಗಂಧಿ ಕೇಳಿದಳು: “ಹೋಯ್, ಒಣ ಸೀಗಡಿ ಚಟ್ನಿ ತಿನ್ನೂಕೆ ಆಸೆ ಆಗ್ತದ್ರಾ. ಹುರಿದು, ಕಾಯಿ ಹಾಕಿ ಅರೆದು.”

ಅವನು ಹೋಟೆಲಿನಿಂದ ಮೀನಿನ ಸಾರು ಕಟ್ಟಿಸಿಕೊಂಡು ಬಂದ. ಅವಳು ಮೂಸಿ ಮುಖ ತಿರುಗಿಸಿದಳು. ಆಗ ಊರ ಕಡೆಯಿಂದ ಬಂದ ಬಸ್ಸಿನಲ್ಲಿ ಒಣ ಸೀಗಡಿ ತರಿಸಿದ. ಆದರೆ ಅದನ್ನು ಹುರಿದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಆ ಘಮಕ್ಕೆ ಕಿಟಕಿ ಮುಚ್ಚಿ ಪ್ರಯೋಜನವಿಲ್ಲ.

ಅದೇ ಪೊಟ್ಟಣವನ್ನು ಹಿಡಿದು ಅವನು ಅಂದು ನನ್ನೆದುರು ನಿಂತಿದ್ದ. ಕೊನೆಗೆ ಅದನ್ನು ನನ್ನ ಬೆನ್ನ ಹಿಂದೆ ಸಿಕ್ಕಿಸಿ ಮೆಟ್ಟಿಲು ಹತ್ತಿದ. ಬಾಗಿಲು ತೆರೆಯಿತು.

“ಏನ್ ದಾಮೋದರ್? ಹೇಗಿದಾಳೆ ನಮ್ಮ ಹುಡುಗಿ?” ಚಂದ್ರಶೇಖರಯ್ಯನವರ ದನಿ.

ದಾಮೋದರ ಹೇಳಿದ: “ಸಾರ್... ಸ್ವಲ್ಪ ಮೋಟರ್ ಹಾಕ್ತೀರಾ? ಕೆಳಗೆ ನೀರು ಬರ್ತಾ ಇಲ್ಲ.”

ನೀರು ಬರುತ್ತಿತ್ತು. ನನ್ನ ಪಕ್ಕದ ನಲ್ಲಿ ತೊಟ್ಟಿಕ್ಕುತ್ತಲೇ ಇತ್ತು.

“ನಾಳೆ ಮಾಡುವಾ,” ಎಂದು ಅವನು ಒಳಗೆ ಸುಗಂಧಿಗೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಮರುದಿನವೂ ಅದನ್ನೇ ಹೇಳಿದ. ಅವಳು ಮತ್ತೆ ಕೇಳಲಿಲ್ಲ. ಆ ವಾರ ಮುಗಿಯುವ ಮೊದಲೇ ಅವಳನ್ನು ಚಟ್ಟದ ಮೇಲೆ ಎತ್ತಿಕೊಂಡು ಹೋದರು. ಪೊಟ್ಟಣ ನನ್ನ ಬೆನ್ನಲ್ಲೇ ಉಳಿಯಿತು.

ದಾಮೋದರ ಮನೆ ಖಾಲಿ ಮಾಡಿ ಹೋದ ಮೇಲೆ, ಮತ್ತೆ ಗೇಟಿಗೆ ಕಟ್ಟಲೆಂದು ಸರ್ವಮಂಗಳಮ್ಮ ನನ್ನನ್ನು ಎಳೆದರು. ಪೊಟ್ಟಣ ಬಿತ್ತು. ಅವರು ಬಿಚ್ಚಿ ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟರು.

“ಏನೇ ಅದು?” ಗಂಡ ಮೇಲಿನಿಂದ ಕೇಳಿದರು.

“ಮೀನಿರ್ಬೇಕು ರೀ. ಆ ಹುಡುಗಿಗೆ ಅಂತ ತಂದಿರ್ತಾನೆ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಅವ್ರು ತಿಂತಾರೆ ಅಂತ ನಂಗೆ ಮೊದಲ ವರ್ಷವೇ ಗೊತ್ತಿತ್ತು. ಪ್ರತಿ ಭಾನುವಾರ ಅಷ್ಟೊಂದು ಸೋಂಪು ಯಾರು ರೀ ಅಗೀತಾರೆ? ಕೇಳಿದ್ರೆ ಪಾಪ ನೊಂದ್ಕೋತಾರೆ ಅಂತ ನಾನೇ ಸುಮ್ನಿದ್ದೆ.”

ಆ ದಿನ ನನ್ನನ್ನು ಗೇಟಿಗೆ ಕಟ್ಟಲಿಲ್ಲ.

ಈಗ ಮನೆಗಳು ಫೋನಿನಲ್ಲೇ ಸಿಗುತ್ತವಂತೆ. ನನ್ನನ್ನು ನೀರಿನ ತೊಟ್ಟಿಗೆ ಮುಚ್ಚಳ ಮಾಡಿದ್ದಾರೆ. ಅಕ್ಷರಗಳು ಕೆಳಮುಖವಾಗಿವೆ. ಅಂಚುಗಳು ತುಕ್ಕು ತಿಂದಿವೆ. ಕತ್ತಲ ನೀರು ಮಾತ್ರ ನನ್ನನ್ನು ಓದುತ್ತದೆ. ಈ ಊರಿನಲ್ಲಿ ಬದುಕುವ ಎಲ್ಲ ಉಪಾಯಗಳನ್ನೂ ನಾನು ಕೇಳಿದ್ದೇನೆ. ಅವುಗಳಲ್ಲಿ ಒಂದಾದರೂ ಆ ಇಬ್ಬರ ಕೆಲಸಕ್ಕೆ ಬಂದದ್ದನ್ನು ಕಾಣೆ.

‘ಸಾರ್, ನನ್ನ ಹೆಂಡತಿಗೆ ಒಣ ಸೀಗಡಿ ತಿನ್ನುವ ಆಸೆಯಾಗಿದೆ, ಒಂದು ದಿನ ಹುರಿಯಲು ಬಿಡಿ.’ ಇಷ್ಟನ್ನು ದಾಮೋದರ ಹೇಳಲೇ ಇಲ್ಲ.